ದೊಡ್ಡ ಕರುಳಿನ ಕ್ಯಾನ್ಸರ್ ಚಿಕಿತ್ಸೆ ಮುಗಿದ ಮೇಲೆ: ತಿಳಿಸಾರು ಅನ್ನದಿಂದ ಮುದ್ದೆ ಬಸ್ಸಾರಿಗೆ ಮರಳುವುದು ಹೇಗೆ?

ಪ್ರಶ್ನೆ: ನನಗೆ 52 ವರ್ಷ, ಕೃಷಿಕ. ಹೋದ ವರ್ಷ ದೊಡ್ಡ ಕರುಳಿನ ಬಲಭಾಗದಲ್ಲಿ ಕ್ಯಾನ್ಸರ್ ಗಡ್ಡೆ ಇದೆಯೆಂದು ಆಪರೇಷನ್ ಮಾಡಿ ಆ ಭಾಗ ತೆಗೆದರು. ಮೂರನೇ ಹಂತ ಎಂದರು. ಮೂರು ವಾರಕ್ಕೊಂದರಂತೆ ಎಂಟು ಕೀಮೊ ಆಯಿತು, ಮುಗಿದು ನಾಲ್ಕು ತಿಂಗಳು. ಸ್ಕ್ಯಾನ್‌ನಲ್ಲಿ ಏನೂ ಉಳಿದಿಲ್ಲ ಎಂದಿದ್ದಾರೆ. ಆದರೆ ದಿನಕ್ಕೆ ನಾಲ್ಕೈದು ಸಲ ನೀರಾಗಿ ಹೋಗುತ್ತದೆ, ಹೊಟ್ಟೆ ಉಬ್ಬರಿಸುತ್ತದೆ. ಮೊದಲು 66 ಕೆ.ಜಿ. ಇದ್ದೆ, ಈಗ 58. ಕರುಳಿಗೆ ತೊಂದರೆಯಾದೀತೆಂದು ಮನೆಯಲ್ಲಿ ಅನ್ನ, ತಿಳಿಸಾರು, ಮಜ್ಜಿಗೆ ಬಿಟ್ಟು ಬೇರೇನೂ ಕೊಡುವುದಿಲ್ಲ. ಮುದ್ದೆ, ಸೊಪ್ಪು, ಕಾಳು ಮತ್ತೆ ತಿನ್ನಬಹುದೇ? ಸಕ್ಕರೆ, ಹಾಲು ಬಿಟ್ಟರೆ ಕ್ಯಾನ್ಸರ್ ಮತ್ತೆ ಬರುವುದಿಲ್ಲವಂತೆ, ನಿಜವೇ? ಹನುಮಫಲದ ಎಲೆಯ ಕಷಾಯ ಕುಡಿಯಿರಿ ಎಂದು ಹಲವರು ಹೇಳುತ್ತಿದ್ದಾರೆ. ಪಾದದ ಜೋಮು ಹೋಗುತ್ತದೆಯೇ?

ಉತ್ತರ: ಮುದ್ದೆ, ಸೊಪ್ಪು, ಕಾಳು ಮೂರನ್ನೂ ತಿನ್ನಬಹುದು. ಮೂರನ್ನೂ ತಿನ್ನಲೇಬೇಕು. ಆದರೆ ನಾಳೆಯೇ ಅಲ್ಲ, ಒಂದೇ ಸಲಕ್ಕೂ ಅಲ್ಲ. ಆರರಿಂದ ಎಂಟು ವಾರಗಳಲ್ಲಿ ಒಂದೊಂದಾಗಿ ತಟ್ಟೆಗೆ ಮರಳಬೇಕು. ಈಗ ನಿಮಗೆ ಆಗುತ್ತಿರುವ ದೊಡ್ಡ ನಷ್ಟ ತಿನ್ನಬಾರದ್ದನ್ನು ತಿಂದು ಆದದ್ದಲ್ಲ, ತಿನ್ನಬೇಕಾದ್ದನ್ನು ಬಿಟ್ಟು ಆಗುತ್ತಿರುವುದು. ಮನೆಯವರದು ಪ್ರೀತಿಯಿಂದ ಮಾಡಿದ ಪಥ್ಯ. ಆಪರೇಷನ್ ಆದ ಮೊದಲ ನಾಲ್ಕಾರು ವಾರಕ್ಕೆ ಅದು ಸರಿಯಾಗಿಯೂ ಇತ್ತು. ಆ ಪಥ್ಯ ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ.

ಲೆಕ್ಕ ನೋಡಿ. 58 ಕೆ.ಜಿ. ತೂಗುವ, ಕೀಮೊದಿಂದ ಮಾಂಸಖಂಡ ಕಳೆದುಕೊಂಡ ವ್ಯಕ್ತಿಗೆ ದಿನಕ್ಕೆ ಸುಮಾರು 70ರಿಂದ 85 ಗ್ರಾಂ ಪ್ರೋಟೀನ್ ಬೇಕು. ದಿನವಿಡೀ 300 ಗ್ರಾಂ ಅಕ್ಕಿಯ ಅನ್ನ ಉಂಡರೂ ಅದರಿಂದ ಬರುವುದು 24 ಗ್ರಾಂ. ತಿಳಿಸಾರಿನಲ್ಲಿರುವುದು ಬೇಳೆಯ ಕಟ್ಟು ಮಾತ್ರ, ಬೇಳೆ ಪಾತ್ರೆಯ ತಳದಲ್ಲೇ ಉಳಿದಿರುತ್ತದೆ. ನೀರು ಮಜ್ಜಿಗೆಯಲ್ಲೂ ಅಷ್ಟಕ್ಕಷ್ಟೇ. ಎಲ್ಲ ಸೇರಿ 30 ಗ್ರಾಂ ದಾಟುವುದು ಕಷ್ಟ. ಎಂಟು ಕೆ.ಜಿ. ಇಳಿದಿರುವುದರಲ್ಲಿ ಕೊಬ್ಬಿಗಿಂತ ತೊಡೆ, ತೋಳು, ಬೆನ್ನಿನ ಮಾಂಸವೇ ಹೆಚ್ಚಿರಬಹುದು. ಮೆಟ್ಟಿಲು ಹತ್ತುವಾಗ, ಕೂತಲ್ಲಿಂದ ಏಳುವಾಗ ನಿಮಗದು ತಿಳಿಯುತ್ತಿರಬೇಕು.

ಮೊದಲು ಭೇದಿಯ ವಿಚಾರ, ಏಕೆಂದರೆ ಅದು ಹಿಡಿತಕ್ಕೆ ಬಾರದೆ ಮುಂದಿನ ಊಟದ ಮಾತು ನಡೆಯದು. ಬಲಭಾಗದ ಆಪರೇಷನ್‌ನಲ್ಲಿ ದೊಡ್ಡ ಕರುಳಿನ ಆರಂಭದ ಭಾಗದ ಜೊತೆಗೆ ಸಣ್ಣ ಕರುಳಿನ ಕೊನೆಯ ತುಂಡು, ಎರಡರ ನಡುವಿನ ಕವಾಟವೂ ಹೋಗುತ್ತವೆ. ಈ ಮೂರಕ್ಕೂ ಬೇರೆ ಬೇರೆ ಕೆಲಸವಿತ್ತು. ದೊಡ್ಡ ಕರುಳು ದಿನಕ್ಕೆ ಒಂದರಿಂದ ಒಂದೂವರೆ ಲೀಟರ್ ನೀರನ್ನು ಹೀರಿಕೊಳ್ಳುತ್ತಿತ್ತು. ಉಳಿದ ಕರುಳು ಆ ಕೆಲಸವನ್ನು ಕಲಿತುಕೊಳ್ಳುತ್ತದೆ, ಆದರೆ ಅದಕ್ಕೆ ತಿಂಗಳುಗಳು ಬೇಕು. ಕವಾಟವಿಲ್ಲದ್ದರಿಂದ ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಮೇಲಕ್ಕೇರಿ ಸಣ್ಣ ಕರುಳಿನಲ್ಲಿ ಬೀಡುಬಿಡಬಹುದು. ಉಂಡ ಒಂದೆರಡು ಗಂಟೆಯೊಳಗೆ ಹೊಟ್ಟೆ ಡೋಲಿನಂತಾಗಲು ಇದೂ ಒಂದು ಕಾರಣ, ಇದಕ್ಕೆ ಔಷಧಿಯಿದೆ.

ಮೂರನೆಯದನ್ನು ಹೊರಗಿನವರಿರಲಿ, ಕೆಲವೊಮ್ಮೆ ಆಸ್ಪತ್ರೆಯಲ್ಲೂ ಯಾರೂ ಕೇಳುವುದಿಲ್ಲ. ಕೊಬ್ಬು ಅರಗಿಸಲು ಯಕೃತ್ತು ಸುರಿಸುವ ಪಿತ್ತದ ಲವಣಗಳಲ್ಲಿ ಸುಮಾರು 95% ಭಾಗವನ್ನು ಸಣ್ಣ ಕರುಳಿನ ಆ ಕೊನೆಯ ತುಂಡೇ ಮರಳಿ ಹೀರಿ ಯಕೃತ್ತಿಗೆ ಕಳಿಸುತ್ತಿತ್ತು. ಅದು ತಪ್ಪಿದಾಗ ಪಿತ್ತ ದೊಡ್ಡ ಕರುಳಿಗೆ ಇಳಿದು ಅಲ್ಲಿ ನೀರು ಒಸರಿಸುತ್ತದೆ. ಗುರುತು ಹೀಗೆ: ಮಲ ಹಳದಿ ಅಥವಾ ಹಸಿರು ಹಳದಿ ಬಣ್ಣದ ನೀರು, ಬಂದರೆ ತಡೆಯಲಾಗದು, ಊಟವಾದ ಸ್ವಲ್ಪ ಹೊತ್ತಿಗೇ ಓಡಬೇಕು. ಎಣ್ಣೆ, ತುಪ್ಪ ಹೆಚ್ಚಾದ ದಿನ ಮತ್ತೂ ಜೋರು. ಗುದದ ಸುತ್ತ ಉರಿಯೂ ಇರುತ್ತದೆ. ಈ ಗುರುತುಗಳಿದ್ದರೆ ಎಷ್ಟು ಪಥ್ಯ ಮಾಡಿದರೂ ಅದು ನಿಲ್ಲದು. ಪಿತ್ತವನ್ನು ಹಿಡಿದಿಡುವ ಕೊಲೆಸ್ಟೈರಮಿನ್ ಎಂಬ ಪುಡಿಯಿದೆ. ಹಲವರಲ್ಲಿ ಕೆಲವೇ ದಿನಗಳಲ್ಲಿ ವ್ಯತ್ಯಾಸ ಕಾಣುತ್ತದೆ. ಅದು ಬೇರೆ ಮಾತ್ರೆಗಳನ್ನೂ ಹಿಡಿದುಕೊಳ್ಳುವುದರಿಂದ ಬಿ.ಪಿ., ಥೈರಾಯ್ಡ್ ಮಾತ್ರೆಗಳನ್ನು ಅದಕ್ಕಿಂತ ಒಂದು ಗಂಟೆ ಮೊದಲು ಅಥವಾ ನಾಲ್ಕರಿಂದ ಆರು ಗಂಟೆ ನಂತರ ನುಂಗಬೇಕು. ನಿಮ್ಮ ಸರ್ಜನ್ ಅಥವಾ ಗ್ಯಾಸ್ಟ್ರೊ ವೈದ್ಯರ ಬಳಿ ಹೋಗಿ, ‘ಇದು ಪಿತ್ತದ ಭೇದಿಯೇ?’ ಎಂದು ನೇರವಾಗಿ ಕೇಳಿ. ಈ ಒಂದು ಪ್ರಶ್ನೆ ನಿಮ್ಮ ಒಂದು ವರ್ಷದ ಒದ್ದಾಟವನ್ನು ಉಳಿಸಬಹುದು.

ಅಲ್ಲಿಯವರೆಗೆ ಮನೆಯಲ್ಲಿ ಮಾಡಬಹುದಾದ್ದು ಇಷ್ಟು. ಎಣ್ಣೆ, ತುಪ್ಪ ಎರಡೂ ಸೇರಿ ದಿನಕ್ಕೆ ನಾಲ್ಕೈದು ಚಹಾ ಚಮಚ ಮೀರದಿರಲಿ, ಅದೂ ಮೂರು ಊಟಕ್ಕೆ ಹಂಚಿಹೋಗಲಿ. ಬೋಂಡ, ಪೂರಿ, ತುಪ್ಪ ಸುರಿದ ಹೋಳಿಗೆ ಸದ್ಯಕ್ಕೆ ಬೇಡ. ಮೂರು ದೊಡ್ಡ ಊಟದ ಬದಲು ಐದಾರು ಸಣ್ಣ ಊಟ. ಊಟದ ಜೊತೆ ಚೊಂಬುಗಟ್ಟಲೆ ನೀರು ಕುಡಿಯದೆ, ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಬೆಳಗಿನ ಖಾಲಿ ಹೊಟ್ಟೆಯ ಸ್ಟ್ರಾಂಗ್ ಕಾಫಿ ಕರುಳನ್ನು ಓಡಿಸುತ್ತದೆ. ಕಾಫಿ ಬೇಕೇ ಬೇಕೆಂದರೆ ತಿಂಡಿಯಾದ ಮೇಲೆ ಅರ್ಧ ಲೋಟ.

ಇಸಬ್‌ಗೋಲ್ ಹೊಟ್ಟು ಮಲಬದ್ಧತೆಗೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ಅದು ನೀರನ್ನು ಹಿಡಿದುಕೊಳ್ಳುವ ನಾರು, ಆದ್ದರಿಂದ ನೀರಾದ ಮಲವನ್ನು ಗಟ್ಟಿ ಮಾಡಲೂ ಬರುತ್ತದೆ. ಮಲಬದ್ಧತೆಗಾದರೆ ಒಂದು ದೊಡ್ಡ ಲೋಟ ನೀರಿನಲ್ಲಿ, ಭೇದಿಗಾದರೆ ಒಂದು ಚಹಾ ಚಮಚವನ್ನು ಸಣ್ಣ ಬಟ್ಟಲು ಮೊಸರಿನಲ್ಲಿ ಚೆನ್ನಾಗಿ ನೆನೆಸಿ ಕಲಸಿ ತಿನ್ನಬೇಕು. ಒಣಪುಡಿಯನ್ನು ಹಾಗೇ ಬಾಯಿಗೆ ಹಾಕಿಕೊಳ್ಳಬೇಡಿ, ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳುತ್ತದೆ. ಹೆಚ್ಚು ಸಲ ಹೋದ ದಿನ ಬರಿ ನೀರು ಕುಡಿದರೆ ಸಾಲದು, ಉಪ್ಪೂ ಹೊರಹೋಗಿರುತ್ತದೆ. ಓಆರ್‌ಎಸ್ ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಮಟ್ಟ ಚಹಾ ಚಮಚ ಸಕ್ಕರೆ, ಅರ್ಧ ಮಟ್ಟ ಚಮಚ ಉಪ್ಪು. ಇಲ್ಲಿ ಸಕ್ಕರೆಗೆ ಹೆದರಬೇಡಿ. ಕರುಳು ಉಪ್ಪನ್ನು ಒಳಗೆ ಎಳೆದುಕೊಳ್ಳುವುದೇ ಸಕ್ಕರೆಯ ಜೊತೆಗೆ.

ಇನ್ನು ನಾರಿನ ಲೆಕ್ಕ. ನೀವು ಕೊನೆಗೆ ಮುಟ್ಟಬೇಕಾದ್ದು ದಿನಕ್ಕೆ 25ರಿಂದ 30 ಗ್ರಾಂ ನಾರು. ಈಗಿನ ನಿಮ್ಮ ಊಟದಲ್ಲಿ ಬಹುಶಃ 10 ಗ್ರಾಂ ಇದ್ದರೆ ಹೆಚ್ಚು. ಒಮ್ಮೆಗೇ ಹಾರಿದರೆ ಉಬ್ಬರ, ನೋವು, ಮತ್ತೆ ಭೇದಿ. ಆಗ ಮನೆಯವರು ‘ನೋಡಿದಿರಾ, ಹೇಳಿರಲಿಲ್ಲವೇ’ ಎಂದು ಮತ್ತೆ ತಿಳಿಸಾರಿಗೆ ಇಳಿಸುತ್ತಾರೆ. ಬಹಳ ಮನೆಗಳಲ್ಲಿ ಪ್ರಯತ್ನ ನಿಂತುಹೋಗುವುದು ಇಲ್ಲೇ. ಆದ್ದರಿಂದ ವಾರಕ್ಕೆ 5 ಗ್ರಾಂನಂತೆ ಏರಿಸಿ. 5 ಗ್ರಾಂ ನಾರು ಎಂದರೆ ಎಷ್ಟು? ಸುಮಾರು 50 ಗ್ರಾಂ ರಾಗಿ ಹಿಟ್ಟು, ಅಥವಾ ಬಿಡಿಸಿದ ದಂಟಿನ ಸೊಪ್ಪು 110 ಗ್ರಾಂ, ಅಥವಾ 30 ಗ್ರಾಂ ಇಡೀ ಹೆಸರುಕಾಳು, ಅಥವಾ ಒಂದು ಸಣ್ಣ ಸೀಬೆಹಣ್ಣು. 50 ಗ್ರಾಂ ಅಕ್ಕಿಯಲ್ಲಿರುವುದು ಒಂದೂವರೆ ಗ್ರಾಂ ಕೂಡ ಇಲ್ಲ.

ರಾಗಿಯಿಂದಲೇ ಶುರುಮಾಡಿ, ಏಕೆಂದರೆ ಅದನ್ನು ಬೇಕಾದಷ್ಟೇ ನಾರಿರುವಂತೆ ಮಾಡಿಕೊಳ್ಳುವ ವಿದ್ಯೆ ನಮ್ಮ ಅಡುಗೆಮನೆಯಲ್ಲೇ ಇದೆ. ಮೊದಲ ವಾರ ರಾಗಿ ಮಣ್ಣಿ: ನೆನೆಸಿದ ರಾಗಿಯನ್ನು ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಚರಟ ಎಸೆದು, ಹಾಲನ್ನು ಮಾತ್ರ ಕಾಯಿಸುವುದು. ಮಗುವಿಗೆ ಮಾಡುವಂತೆಯೇ. ಇದರಲ್ಲಿ ನಾರು ಬಹಳ ಕಡಿಮೆ, ಕರುಳಿಗೆ ರಾಗಿಯ ಪರಿಚಯವಷ್ಟೇ ಆಗುತ್ತದೆ. ಎರಡನೇ ವಾರ ವಸ್ತ್ರಗಾಳಿತ ಹಿಟ್ಟಿನ ತೆಳು ಗಂಜಿ, ಎರಡು ದೊಡ್ಡ ಚಮಚ ಹಿಟ್ಟಿನದು, ಮಜ್ಜಿಗೆ ಬೆರೆಸಿ. ಮೂರನೇ ವಾರ ಒಂದು ಪಾಲು ರಾಗಿ ಹಿಟ್ಟು, ಮೂರು ಪಾಲು ಇಡ್ಲಿ ಹಿಟ್ಟು ಸೇರಿಸಿದ ದೋಸೆ, ಕಡಿಮೆ ಎಣ್ಣೆಯಲ್ಲಿ. ನಾಲ್ಕನೇ ವಾರ ನಿಂಬೆ ಗಾತ್ರದ ಎರಡು ಮುದ್ದೆ ತುಣುಕು, ಆರನೇ ವಾರಕ್ಕೆ 50ರಿಂದ 60 ಗ್ರಾಂ ಹಿಟ್ಟಿನ ಒಂದು ಸಣ್ಣ ಮುದ್ದೆ. ಉತ್ತರ ಕರ್ನಾಟಕದ ಓದುಗರು ಇದೇ ಕ್ರಮವನ್ನು ಜೋಳಕ್ಕೂ ಹಿಡಿಯಬಹುದು: ಮೊದಲು ಜೋಳದ ಅಂಬಲಿ, ಆಮೇಲೆ ಬಿಸಿ ಮೆತ್ತನೆಯ ರೊಟ್ಟಿ ಅರ್ಧ, ಕಟಕ ರೊಟ್ಟಿ ಕೊನೆಗೆ.

ಮುದ್ದೆಯ ವಿಚಾರದಲ್ಲಿ ಒಂದು ಎಚ್ಚರ. ನಾವು ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಚೆನ್ನಾಗಿ ಬೆಂದ ಹಿಟ್ಟು ಕರುಳಿನಲ್ಲಿ ಕರಗುತ್ತದೆ, ಅದರಿಂದ ತೊಂದರೆಯಿಲ್ಲ. ಆದರೆ ಅದರ ಜೊತೆ ಸಾರಿನ ಕಾಳು, ಸೊಪ್ಪಿನ ದಂಟು, ಮಾಂಸದ ತುಂಡುಗಳೂ ಅಗಿಯದೆ ಒಳಗೆ ಜಾರುತ್ತವೆ. ಆಪರೇಷನ್ ಆದ ಹೊಟ್ಟೆಯೊಳಗೆ ಗಾಯ ಮಾಯುವಾಗ ಕರುಳಿನ ಸುತ್ತ ಅಂಟುಪಟ್ಟಿಗಳು ಕಟ್ಟಿಕೊಂಡಿರುತ್ತವೆ, ಹೊಲಿದ ಜಾಗವೂ ಕಿರಿದಾಗಿರಬಹುದು. ಅಗಿಯದ ನಾರಿನ ಉಂಡೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಸಾರನ್ನು ಮೊದಲು ಕಡೆದು ನುಣ್ಣಗೆ ಮಾಡಿ. ಕಾಳಿರುವ ಸಾರಾದರೆ ಕಾಳನ್ನು ಬೇರೆಯಾಗಿ ಅಗಿದು ತಿನ್ನಿ. ಹೀಗೆ ಸಿಕ್ಕಿಕೊಳ್ಳುವುದರಲ್ಲಿ ಮುಂದಿರುವವು ಕೊಬ್ಬರಿ ಚೂರು, ಹಲಸಿನ ತೊಳೆ, ಕಳಲೆ, ನುಗ್ಗೆಕಾಯಿಯ ಸಿಪ್ಪೆ, ಮುಸುಕಿನ ಜೋಳ, ಅಣಬೆ, ಕಿತ್ತಳೆ ಮೂಸಂಬಿಯ ಬಿಳಿ ಪೊರೆ, ನೆನೆಸದ ಒಣಹಣ್ಣು. ಇವನ್ನು ಆರು ತಿಂಗಳಾದರೂ ದೂರವಿಡಿ. ತುರಿದು ನುಣ್ಣಗೆ ರುಬ್ಬಿದ ಕಾಯಿ ಬೇರೆ ಮಾತು, ಅದನ್ನು ಬಳಸಬಹುದು. ನುಗ್ಗೆಯ ತಿರುಳನ್ನು ಕೆರೆದು ತಿನ್ನಬಹುದು.

ತರಕಾರಿಯಲ್ಲೂ ಇದೇ ಕ್ರಮ. ಸಿಪ್ಪೆ, ಬೀಜ ತೆಗೆದ ಸೋರೆ, ಪಡವಲ, ಹೀರೆ, ಬೂದುಗುಂಬಳ, ಸೀಮೆಬದನೆ ಮೊದಲು. ಕ್ಯಾರೆಟ್, ಬೀನ್ಸ್ ಸಣ್ಣಗೆ ಹೆಚ್ಚಿ ಬೇಯಿಸಿದ್ದು ಆಮೇಲೆ. ಸೊಪ್ಪಿನಲ್ಲಿ ಎಲೆ ಮಾತ್ರ ಬಿಡಿಸಿ, ದಂಟು ಬೇಡ, ಬೇಯಿಸಿ ಮಸೆದು ಮಸ್ಸೊಪ್ಪು ಮಾಡಿ. ಎಲೆಕೋಸು, ಹೂಕೋಸು, ಮೂಲಂಗಿ ಕೊನೆಯಲ್ಲಿ. ಹಸಿ ಕೋಸಂಬರಿ ಎಂಟನೇ ವಾರದ ನಂತರ, ಒಂದೆರಡು ಚಮಚದಿಂದ ಶುರು. ಕೀಮೊ ನಡೆಯುವಾಗ ಹಸಿ ತರಕಾರಿ ಬೇಡ ಎಂದದ್ದು ಸೋಂಕಿನ ಭಯಕ್ಕೆ. ಬಿಳಿ ರಕ್ತಕಣ ಮೊದಲಿನಂತಾಗಿದ್ದರೆ ಆ ನಿರ್ಬಂಧ ಈಗ ಇಲ್ಲ.

ಕಾಳು ಉಬ್ಬರಿಸುವುದು ಅದರೊಳಗಿನ ಕೆಲವು ಸಕ್ಕರೆಗಳು ನಮಗೆ ಅರಗದೆ ಬ್ಯಾಕ್ಟೀರಿಯಾಕ್ಕೆ ಆಹಾರವಾಗುವುದರಿಂದ. ಎಂಟರಿಂದ ಹತ್ತು ಗಂಟೆ ನೆನೆಸಿ ಆ ನೀರನ್ನು ಚೆಲ್ಲಿದರೆ ಒಂದಷ್ಟು ಹೋಗುತ್ತದೆ, ಮೊಳಕೆ ಬರಿಸಿದರೆ ಇನ್ನಷ್ಟು. ಆಮೇಲೆ ಕುಕ್ಕರಿನಲ್ಲಿ ಬೆರಳಲ್ಲಿ ಒತ್ತಿದರೆ ಕರಗುವಷ್ಟು ಬೇಯಲಿ. ಕ್ರಮ ಹೀಗಿರಲಿ: ಹೆಸರುಬೇಳೆ ತೊವ್ವೆ, ತೊಗರಿಬೇಳೆ, ಮೊಳಕೆ ಹೆಸರುಕಾಳು, ಹುರುಳಿ ಕಟ್ಟಿನ ಜೊತೆ ಸ್ವಲ್ಪ ಹುರುಳಿ, ಹಿತಕಿದ ಅವರೆ. ಸಿಪ್ಪೆಯಿರುವ ಅವರೆ, ಕಡಲೆ, ರಾಜ್ಮಾ ಎಲ್ಲಕ್ಕಿಂತ ಕೊನೆಗೆ. ಎರಡು ಮೂರು ದಿನಕ್ಕೆ ಒಂದೇ ಹೊಸ ಪದಾರ್ಥ. ಒಂದು ನೋಟ್‌ಬುಕ್ಕಿನಲ್ಲಿ ತಿಂದದ್ದು, ಗಂಟೆ, ಎಷ್ಟು ಸಲ ಹೋಯಿತು, ನೀರೋ ಗಟ್ಟಿಯೋ ಎಂದು ಬರೆಯಿರಿ. ಎರಡು ವಾರದ ಈ ಪುಟಗಳಿಂದ ವೈದ್ಯರಿಗೆ ತಿಳಿಯುವುದು ಹತ್ತು ನಿಮಿಷದ ಮಾತಿಗಿಂತ ಹೆಚ್ಚು. ಒಂದು ಪದಾರ್ಥ ಆಗಲಿಲ್ಲವೆಂದರೆ ಶಾಶ್ವತವಾಗಿ ಬಿಡಬೇಡಿ, ಮೂರು ವಾರ ಬಿಟ್ಟು ಅರ್ಧ ಪ್ರಮಾಣದಲ್ಲಿ ಮತ್ತೆ ನೋಡಿ.

ಪ್ರೋಟೀನ್‌ಗೆ ಮಾತ್ರ ಆರು ವಾರ ಕಾಯುವಂತಿಲ್ಲ, ಇವತ್ತಿನಿಂದಲೇ ಬೇಕು. ತಿಳಿಸಾರಿನ ಬದಲು ಗಟ್ಟಿ ತೊವ್ವೆ: ದಿನಕ್ಕೆ 60 ಗ್ರಾಂ ಬೇಳೆಯಿಂದ 13 ಗ್ರಾಂ. ಕೆನೆ ತೆಗೆದ ಹಾಲಿನ ಮೊಸರು ಎರಡು ಬಟ್ಟಲು, ಅಂದರೆ 400 ಗ್ರಾಂ: ಸುಮಾರು 13. ಮೊಟ್ಟೆ ತಿನ್ನುವವರಾದರೆ ಬೇಯಿಸಿದ ಎರಡು ಮೊಟ್ಟೆ: 13. ಅನ್ನ, ರಾಗಿ ಸೇರಿ 250 ಗ್ರಾಂ ಧಾನ್ಯದಿಂದ 18ರಿಂದ 20. ನುಣ್ಣಗೆ ಪುಡಿ ಮಾಡಿದ ಹುರಿದ ಕಡಲೆಕಾಯಿ 30 ಗ್ರಾಂ ಚಟ್ನಿಯಲ್ಲಿ: 7. ಇಲ್ಲಿಗೆ ಸುಮಾರು 65 ಆಯಿತು. 100 ಗ್ರಾಂ ಮೀನು ಅಥವಾ ಚರ್ಮವಿಲ್ಲದ ಕೋಳಿ ತಿಂದ ದಿನ ಮತ್ತೆ 20. ಸಸ್ಯಾಹಾರಿಗಳು 50 ಗ್ರಾಂ ಪನೀರ್ ಅಥವಾ ನೆನೆಸಿ ಹಿಂಡಿ ಸಣ್ಣಗೆ ಮಾಡಿದ 25 ಗ್ರಾಂ ಸೋಯಾ ತುಣುಕು ಸೇರಿಸಿಕೊಳ್ಳಬಹುದು. ದುಬಾರಿ ಡಬ್ಬದ ಪ್ರೋಟೀನ್ ಪುಡಿ ಇಷ್ಟನ್ನೂ ತಿನ್ನಲಾಗದವರಿಗೆ ಮಾತ್ರ.

ಹಾಲು ಬಿಡಬೇಕೇ? ಬೇಡ. ದೊಡ್ಡ ಕರುಳಿನ ಕ್ಯಾನ್ಸರ್ ವಿಚಾರದಲ್ಲಿ ಹಾಲಿನ ಪದಾರ್ಥಗಳ ಬಗೆಗಿನ ಸಾಕ್ಷ್ಯ ನೀವು ಕೇಳಿದ್ದಕ್ಕೆ ತದ್ವಿರುದ್ಧವಾಗಿದೆ. ಹಾಲು ಮತ್ತು ಕ್ಯಾಲ್ಸಿಯಂ ಈ ಕಾಯಿಲೆಯ ಸಾಧ್ಯತೆಯನ್ನು ಬಹುಶಃ ತಗ್ಗಿಸುತ್ತವೆ ಎಂಬುದು ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯ ತೀರ್ಮಾನ. ಕೀಮೊ ನಂತರ ಕೆಲವರಿಗೆ ಕೆಲಕಾಲ ಹಾಲಿನ ಸಕ್ಕರೆ ಅರಗುವುದಿಲ್ಲ. ಕುಡಿದೊಡನೆ ಗುಡುಗುಡು ಎಂದರೆ ಹಾಲು ನಿಲ್ಲಿಸಿ ಮೊಸರಿಗೆ ಹೋಗಿ, ಹೆಪ್ಪು ಹಾಕಿದಾಗ ಆ ಸಕ್ಕರೆಯ ಒಂದು ಭಾಗ ಕರಗಿರುತ್ತದೆ.

ಸಕ್ಕರೆಯ ಮಾತು ಅರ್ಧ ನಿಜ. ಕ್ಯಾನ್ಸರ್ ಕೋಶ ಸಕ್ಕರೆ ತಿಂದು ಬೆಳೆಯುತ್ತದೆ ಎನ್ನುತ್ತಾರೆ. ಮಿದುಳು, ಸ್ನಾಯು, ರಕ್ತಕಣ ಎಲ್ಲವೂ ಅದನ್ನೇ ತಿನ್ನುತ್ತವೆ. ನೀವು ಒಂದು ಕಾಳು ಸಕ್ಕರೆ ತಿನ್ನದಿದ್ದರೂ ಅನ್ನದಿಂದಲೋ ನಿಮ್ಮದೇ ಮಾಂಸ ಕರಗಿಸಿಯೋ ದೇಹ ಗ್ಲೂಕೋಸ್ ಮಾಡಿಕೊಳ್ಳುತ್ತದೆ. ಕಾಫಿಗೆ ಹಾಕುವ ಒಂದು ಚಮಚ ಸಕ್ಕರೆ ಕ್ಯಾನ್ಸರನ್ನು ಮರಳಿ ಕರೆಯದು. ಆದರೆ ಅಮೆರಿಕದಲ್ಲಿ ಮೂರನೇ ಹಂತದ ಸಾವಿರದಷ್ಟು ರೋಗಿಗಳ ಊಟವನ್ನು ಗಮನಿಸಿದಾಗ, ರಕ್ತದ ಸಕ್ಕರೆಯನ್ನು ಥಟ್ಟನೆ ಏರಿಸುವ ಊಟ ಹಾಗೂ ಸಿಹಿ ಪಾನೀಯ ಹೆಚ್ಚಿದ್ದವರಲ್ಲಿ, ಅದರಲ್ಲೂ ತೂಕ ಹೆಚ್ಚಿದ್ದವರಲ್ಲಿ, ಕಾಯಿಲೆ ಹೆಚ್ಚಾಗಿ ಮರಳಿದ್ದು ಕಂಡಿತು. ಬಾಟಲಿಯ ತಂಪು ಪಾನೀಯ, ಪೊಟ್ಟಣದ ಜ್ಯೂಸ್, ಬೇಕರಿ ತಿನಿಸನ್ನು ಬಿಡಲು ಇದು ಸಾಕು. ನಿಮ್ಮ ಮಟ್ಟಿಗೆ ನಿಜವಾದ ಪಾಠ ಇನ್ನೊಂದು: ದಿನಕ್ಕೆ ಮೂರು ಹೊತ್ತು ಬರಿ ಬಿಳಿ ಅನ್ನವೂ ರಕ್ತದ ಸಕ್ಕರೆಯನ್ನು ಥಟ್ಟನೆ ಏರಿಸುವ ಊಟವೇ. ಪಥ್ಯವೆಂದು ಉಣ್ಣುತ್ತಿರುವುದೇ ಆ ಪಟ್ಟಿಯಲ್ಲಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ತಟ್ಟೆಯ ಲೆಕ್ಕದಲ್ಲಿ ಧಾನ್ಯ ದಿನಕ್ಕೆ 250 ಗ್ರಾಂ, ತರಕಾರಿ ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ. ನಮ್ಮ ಬಹುತೇಕ ಮನೆಗಳ ತಟ್ಟೆಯಲ್ಲಿ ಈ ಅಳತೆ ತಲೆಕೆಳಗಾಗಿರುತ್ತದೆ.

ಅದೇ ಅಮೆರಿಕದ ರೋಗಿಗಳ ಪೈಕಿ 826 ಜನರಲ್ಲಿ, ವಾರಕ್ಕೆ ಎರಡು ಹಿಡಿ, ಅಂದರೆ ಸುಮಾರು 57 ಗ್ರಾಂ ಅಥವಾ ಹೆಚ್ಚು ಬೀಜ (ಬಾದಾಮಿ, ಅಕ್ರೋಟು, ಗೋಡಂಬಿ, ಕಡಲೆಕಾಯಿ ಎಲ್ಲ ಸೇರಿ) ತಿನ್ನುತ್ತಿದ್ದವರಲ್ಲಿ ಕಾಯಿಲೆ ಮರಳುವುದು ಅಥವಾ ಸಾವು 42% ಕಡಿಮೆಯಿತ್ತು. ಕಡಲೆಕಾಯಿಯನ್ನು ಬೇರೆಯಾಗಿ ನೋಡಿದಾಗ ಈ ನಂಟು ಕಾಣಲಿಲ್ಲ. ಇದು ಗಮನಿಸಿ ಬರೆದ ಅಧ್ಯಯನ, ಬೀಜವೇ ಕಾರಣ ಎಂದು ಸಾಬೀತು ಮಾಡಿದ್ದಲ್ಲ. ಆದರೂ ಅಪಾಯವಿಲ್ಲದ ಅಭ್ಯಾಸ. ನೀವು ಪುಡಿ ಮಾಡಿ ಗಂಜಿಗೆ ಹಾಕಿಕೊಳ್ಳಿ, ಇಡೀ ಬೀಜ ಮೂರು ತಿಂಗಳ ನಂತರ.

ಬಿಡಲೇಬೇಕಾದ್ದೂ ಇದೆ. ಮದ್ಯ, ಬೀಡಿ ಸಿಗರೇಟು, ತಂಬಾಕು ಪೂರ್ತಿ. ಸಾಸೇಜ್, ಬೇಕನ್, ಸಲಾಮಿಯಂಥ ಸಂಸ್ಕರಿಸಿದ ಮಾಂಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲೇ ಕ್ಯಾನ್ಸರ್‌ಕಾರಕ ಎಂದು ಖಚಿತಪಡಿಸಿದೆ: ದಿನಕ್ಕೆ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಸಾಧ್ಯತೆ 18% ಏರುತ್ತದೆ. ಕುರಿ, ಮೇಕೆ, ಹಂದಿ, ದನದ ಮಾಂಸ ಬೇಯಿಸಿದ ಮೇಲೆ ವಾರಕ್ಕೆ 350ರಿಂದ 500 ಗ್ರಾಂ ಮೀರಬಾರದು. ಹಬ್ಬದ ಊಟಕ್ಕೆ ತೊಂದರೆಯಿಲ್ಲ, ನಿತ್ಯದ ಊಟಕ್ಕೆ ಮೀನು, ಕೋಳಿ ಸಾಕು. ಸೀಯುವಷ್ಟು ಹುರಿದದ್ದು, ಕೆಂಡದಲ್ಲಿ ಕರಕಲಾಗಿಸಿದ್ದು ಬೇಡ.

ಹನುಮಫಲದ ಎಲೆಯ ಕಷಾಯವನ್ನು ದಯವಿಟ್ಟು ಕುಡಿಯಬೇಡಿ. ಲಕ್ಷ್ಮಣಫಲ ಎಂದು ಕರೆಯುವುದೂ ಇದನ್ನೇ. ಪ್ರಯೋಗಾಲಯದ ಬಟ್ಟಲಿನಲ್ಲಿ ಕ್ಯಾನ್ಸರ್ ಕೋಶ ಸತ್ತದ್ದನ್ನು ನೋಡಿ ಈ ಸುದ್ದಿ ಹಬ್ಬಿದೆ. ಮನುಷ್ಯರಲ್ಲಿ ಕಾಯಿಲೆ ತಡೆದಿದೆ ಎಂಬುದಕ್ಕೆ ಆಧಾರವಿಲ್ಲ. ಈ ಗಿಡದಲ್ಲಿರುವ ಅನೋನಾಸಿನ್ ನರಗಳಿಗೆ ವಿಷ. ಇದರ ಹಣ್ಣು, ಎಲೆಯ ಕಷಾಯ ಹೆಚ್ಚು ಬಳಸುವ ಕೆರಿಬಿಯನ್ ದ್ವೀಪ ಗ್ವಾಡೆಲೂಪ್‌ನಲ್ಲಿ ಪಾರ್ಕಿನ್ಸನ್ ಹೋಲುವ ನರರೋಗಕ್ಕೂ ಇದಕ್ಕೂ ನಂಟು ಕಂಡಿದೆ. ಕೀಮೊದಿಂದ ಈಗಾಗಲೇ ನರ ಘಾಸಿಗೊಂಡಿರುವ ನೀವು ಅದನ್ನು ಕುಡಿಯುವುದು ಗಾಯದ ಮೇಲೆ ಬರೆ. ಅರಿಸಿನ ಅಡುಗೆಯಲ್ಲಿ ಎಷ್ಟಾದರೂ ಇರಲಿ, ಮೆಣಸಿನ ಸತ್ವ ಸೇರಿಸಿದ ಅರಿಸಿನದ ಕ್ಯಾಪ್ಸೂಲ್ ಬೇಡ. ಅದರಿಂದ ಯಕೃತ್ತಿಗೆ ಪೆಟ್ಟುಬಿದ್ದ ಪ್ರಕರಣಗಳಿವೆ, ಯಕೃತ್ತಿನ ರಕ್ತಪರೀಕ್ಷೆ ಏರಿದರೆ ಕಾಯಿಲೆ ಮರಳಿತೇ ಎಂಬ ದಿಗಿಲೂ ಸೇರಿಕೊಳ್ಳುತ್ತದೆ.

ಆಸ್ಪಿರಿನ್ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಗಡ್ಡೆಯಲ್ಲಿ ಪಿಐ3ಕೆ ಎಂಬ ಜೀನ್ ಜಾಡಿನ ಬದಲಾವಣೆ ಇದ್ದವರಿಗೆ ಮೂರು ವರ್ಷ ದಿನಕ್ಕೆ 160 ಮಿ.ಗ್ರಾಂ ಆಸ್ಪಿರಿನ್ ಕೊಟ್ಟಾಗ ಮರುಕಳಿಕೆ ಅರ್ಧದಷ್ಟು ಇಳಿದದ್ದು 2025ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕಂಡಿದೆ. ಆ ಬದಲಾವಣೆ ಇಲ್ಲದವರಿಗೆ ಈ ಮಾತು ಅನ್ವಯಿಸದು, ರಕ್ತಸ್ರಾವದ ಅಪಾಯ ಮಾತ್ರ ಎಲ್ಲರಿಗೂ ಇದೆ. ತೆಗೆದ ಗಡ್ಡೆಯ ಬ್ಲಾಕ್, ಅಂದರೆ ಮೇಣದಲ್ಲಿ ಕಾಪಿಟ್ಟ ತುಣುಕು, ಆಸ್ಪತ್ರೆಯಲ್ಲಿರುತ್ತದೆ, ಪರೀಕ್ಷೆ ಮಾಡಿಸಬಹುದೇ ಎಂದು ಆಂಕಾಲಜಿ ವೈದ್ಯರನ್ನು ಕೇಳಿ. ತಾವಾಗಿ ನುಂಗಬೇಡಿ.

ಮರಳಿ ಬರದಂತೆ ಏನು ಮಾಡಲಿ ಎಂಬುದೇ ನಿಮ್ಮ ಮನಸ್ಸಿನಲ್ಲಿರುವ ನಿಜವಾದ ಪ್ರಶ್ನೆಯಾದರೆ, ಅದಕ್ಕೆ ಇವತ್ತು ಇರುವ ಬಲವಾದ ಉತ್ತರ ತಟ್ಟೆಯಲ್ಲಿಲ್ಲ, ಕಾಲಿನಲ್ಲಿದೆ. ಕೆನಡಾ, ಆಸ್ಟ್ರೇಲಿಯಾ ಮೊದಲಾದ ದೇಶಗಳ 55 ಕೇಂದ್ರಗಳಲ್ಲಿ, ಆಪರೇಷನ್ ಮತ್ತು ಕೀಮೊ ಮುಗಿಸಿದ ನಿಮ್ಮಂಥ 889 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆರೋಗ್ಯದ ಪುಸ್ತಿಕೆ. ಇನ್ನೊಂದಕ್ಕೆ ಪುಸ್ತಿಕೆಯ ಜೊತೆ, ಮೂರು ವರ್ಷ ತರಬೇತುದಾರರ ಬೆಂಬಲದಲ್ಲಿ ವ್ಯಾಯಾಮ. 2025ರಲ್ಲಿ ಬಂದ ಫಲಿತಾಂಶ ಹೀಗಿದೆ: ಐದು ವರ್ಷಕ್ಕೆ ಕಾಯಿಲೆಯಿಲ್ಲದೆ ಇದ್ದವರು ವ್ಯಾಯಾಮದ ಗುಂಪಿನಲ್ಲಿ 80.3%, ಪುಸ್ತಿಕೆಯ ಗುಂಪಿನಲ್ಲಿ 73.9%. ಎಂಟು ವರ್ಷಕ್ಕೆ ಬದುಕಿದ್ದವರು 90.3% ಮತ್ತು 83.2%. ಇದು ಗಮನಿಸಿ ಬರೆದದ್ದಲ್ಲ, ಚೀಟಿ ಎತ್ತಿದಂತೆ ಹಂಚಿ ಮಾಡಿದ ಪ್ರಯೋಗ. ಅಲ್ಲಿ ಶುರುಮಾಡಿದ್ದು ಕೀಮೊ ಮುಗಿದ ಎರಡರಿಂದ ಆರು ತಿಂಗಳೊಳಗೆ. ನೀವು ಸರಿಯಾಗಿ ಆ ಹೊತ್ತಿನಲ್ಲಿದ್ದೀರಿ.

ಮುಟ್ಟಬೇಕಾದ ಗುರಿ ಸುಮಾರು ವಾರಕ್ಕೆ ಮೂರು ನಾಲ್ಕು ದಿನ, ದಿನಕ್ಕೆ 45ರಿಂದ 60 ನಿಮಿಷದ ಬಿರುಸು ನಡಿಗೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು. ಜಮೀನಿನಲ್ಲಿ ಓಡಾಡುತ್ತೇನಲ್ಲ ಎನ್ನಬೇಡಿ. ನಿಂತು, ಬಗ್ಗಿ, ಮತ್ತೆ ನಿಲ್ಲುವ ಕೆಲಸದಲ್ಲಿ ದಣಿವಾಗುತ್ತದೆ, ಎದೆಬಡಿತ ಒಂದೇ ಸಮನೆ ಏರಿ ನಿಲ್ಲುವುದಿಲ್ಲ. ಮೊದಲ ವಾರ ಸಮತಟ್ಟಾದ ರಸ್ತೆಯಲ್ಲಿ ದಿನಕ್ಕೆರಡು ಸಲ ಹತ್ತು ನಿಮಿಷ, ವಾರಕ್ಕೆ ಐದು ನಿಮಿಷ ಏರಿಸಿ. ಆ ಪ್ರಯೋಗದಲ್ಲೂ ವ್ಯಾಯಾಮದ ಗುಂಪಿನವರಿಗೆ ಮಂಡಿ, ಸ್ನಾಯು ನೋವು ಹೆಚ್ಚು ಬಂತು, ಆದ್ದರಿಂದ ಆತುರ ಬೇಡ. ವಾರಕ್ಕೆರಡು ದಿನ ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ಹತ್ತು ಸಲ ತಳ್ಳುವುದು. ನೀವು ತಿನ್ನುವ ಪ್ರೋಟೀನ್ ಮಾಂಸಖಂಡವಾಗುವುದು ಇದರಿಂದಲೇ. ಹೊಟ್ಟೆಯ ಗಾಯದ ಜಾಗ ಕೆಮ್ಮಿದಾಗ ಉಬ್ಬುತ್ತಿದ್ದರೆ ಹರ್ನಿಯಾ ಇರಬಹುದು. ಸರ್ಜನ್ ನೋಡುವವರೆಗೆ ಗೊಬ್ಬರದ ಚೀಲ, ನೀರಿನ ಕೊಡ ಎತ್ತಬೇಡಿ.

ಜೋಮು ಆಕ್ಸಾಲಿಪ್ಲಾಟಿನ್ ಎಂಬ ಔಷಧಿಯದಿರಬೇಕು. ಅದು ಕೀಮೊ ನಿಂತ ಮೇಲೂ ಎರಡು ಮೂರು ತಿಂಗಳು ಹೆಚ್ಚಾಗಿ, ಆಮೇಲೆ ನಿಧಾನಕ್ಕೆ ಇಳಿಯುವುದುಂಟು. ಬಹಳ ಜನರಿಗೆ ಒಂದೆರಡು ವರ್ಷದಲ್ಲಿ ಕಡಿಮೆಯಾಗುತ್ತದೆ, ಕೆಲವರಿಗೆ ಬೆರಳ ತುದಿಯಲ್ಲಿ ಉಳಿಯುತ್ತದೆ. ನೋವಿದ್ದರೆ ಡುಲಾಕ್ಸೆಟಿನ್ ಎಂಬ ಮಾತ್ರೆಗೆ ಆಧಾರವಿದೆ. ಅಂಗಡಿಯ ನರದ ಟಾನಿಕ್ಕಿಗೆ ದುಡ್ಡು ಸುರಿಯುವ ಮೊದಲು ಬಿ12, ಸಕ್ಕರೆ, ಥೈರಾಯ್ಡ್ ನೋಡಿಸಿ. ಬಿ12 ದೇಹ ಸೇರುವುದೂ ಸಣ್ಣ ಕರುಳಿನ ಆ ಕೊನೆಯ ತುಂಡಿನಲ್ಲೇ. ನಿಮ್ಮದು ಸ್ವಲ್ಪವೇ ಹೋಗಿದ್ದರೂ, ಸಸ್ಯಾಹಾರಿಯಾದರಂತೂ, ವರ್ಷಕ್ಕೊಮ್ಮೆ ಪರೀಕ್ಷೆ ಇರಲಿ. ಬಲಭಾಗದ ಗಡ್ಡೆ ತಿಂಗಳುಗಟ್ಟಲೆ ಕಾಣದಂತೆ ರಕ್ತ ಒಸರಿಸಿರುವುದರಿಂದ ಕಬ್ಬಿಣವೂ ಕೆಳಗಿರಬಹುದು. ಹಿಮೋಗ್ಲೋಬಿನ್ ಜೊತೆ, ದೇಹದ ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್ ನೋಡಿಸಿ. ಕಬ್ಬಿಣದ ಮಾತ್ರೆಗೂ ಕಾಫಿ ಟೀಗೂ ಒಂದು ಗಂಟೆ ಅಂತರವಿರಲಿ. ಬರಿಗಾಲಲ್ಲಿ ಗದ್ದೆಗಿಳಿಯಬೇಡಿ, ಮುಳ್ಳು ಚುಚ್ಚಿದರೂ ತಿಳಿಯದು. ರಾತ್ರಿ ಮಲಗುವ ಮುನ್ನ ಪಾದದ ಅಡಿಯನ್ನು ಮನೆಯವರು ಒಮ್ಮೆ ನೋಡಲಿ. ಸ್ನಾನದ ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿ.

ಈ ಉತ್ತರ ಬಲಭಾಗದ ಆಪರೇಷನ್ ಆದವರಿಗೆ. ಎಡಭಾಗ ಅಥವಾ ಗುದನಾಳದ ಆಪರೇಷನ್ ಆದವರಲ್ಲಿ ಪಿತ್ತದ ತೊಂದರೆಗಿಂತ, ಸ್ವಲ್ಪ ಸ್ವಲ್ಪವೇ ಹಲವು ಸಲ ಹೋಗುವುದು, ತಡೆಯಲಾಗದಿರುವುದು ಹೆಚ್ಚು. ಅವರಿಗೆ ಇಸಬ್‌ಗೋಲ್, ಗುದದ ಸ್ನಾಯು ಬಿಗಿಹಿಡಿಯುವ ವ್ಯಾಯಾಮ ಮುಖ್ಯ. ಹೊಟ್ಟೆಯ ಮೇಲೆ ಸಣ್ಣ ಕರುಳಿನ ಬಾಯಿ ತೆರೆದು ಚೀಲ ಹಾಕಿರುವವರು ಮೇಲೆ ಹೇಳಿದ, ಸಿಕ್ಕಿಕೊಳ್ಳುವ ಪದಾರ್ಥಗಳನ್ನು ಚೀಲ ಇರುವಷ್ಟು ದಿನವೂ ದೂರವಿಡಬೇಕು, ಉಪ್ಪು ಮತ್ತು ಓಆರ್‌ಎಸ್ ಹೆಚ್ಚು ಬೇಕು.

ಹೊಟ್ಟೆ ಅಲೆಅಲೆಯಾಗಿ ಹಿಂಡಿ ನೋವು, ವಾಂತಿ, ಉಬ್ಬರ, ಜೊತೆಗೆ ಗಾಳಿಯೂ ಹೋಗದಿದ್ದರೆ ಕರುಳು ಕಟ್ಟಿದೆ ಎಂದು ತಿಳಿದು ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಿ. ಹರಳೆಣ್ಣೆ, ಭೇದಿ ಮಾತ್ರೆ ಕೊಟ್ಟು ಕಾಯಬಾರದು. ಮಲದಲ್ಲಿ ರಕ್ತ, ಕಪ್ಪು ಮಲ, ಚೆನ್ನಾಗಿ ತಿಂದರೂ ಇಳಿಯುವ ತೂಕ, ಕಣ್ಣು ಹಳದಿಯಾಗುವುದು ಕಂಡರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ತೋರಿಸಿ.

ತಪಾಸಣೆಯ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ: ಕಾಯಿಲೆ ಮರಳಿದ ಸುಳಿವು ಕೊಡುವ ಸಿಇಎ ರಕ್ತಪರೀಕ್ಷೆ ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ. ಸಿ.ಟಿ. ಸ್ಕ್ಯಾನ್ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ. ಕೊಲೊನೊಸ್ಕೋಪಿ ಆಪರೇಷನ್ ಆದ ಒಂದು ವರ್ಷಕ್ಕೆ, ಚೆನ್ನಾಗಿದ್ದರೆ ಮೂರು ವರ್ಷ ಬಿಟ್ಟು, ಆಮೇಲೆ ಐದು ವರ್ಷಕ್ಕೊಮ್ಮೆ. ನಿಮ್ಮ ಮೊದಲ ಕೊಲೊನೊಸ್ಕೋಪಿಯ ಹೊತ್ತು ಹತ್ತಿರದಲ್ಲೇ ಇದೆ. ಅದಕ್ಕೆ ಮೂರು ದಿನ ಮೊದಲಿನಿಂದ ರಾಗಿ, ಸೊಪ್ಪು, ಕಾಳು, ಸೀಬೆ, ಟೊಮೆಟೊ ಬೀಜ ಎಲ್ಲ ನಿಲ್ಲಿಸಿ. ಆ ಮೂರು ದಿನಕ್ಕೆ ಅನ್ನ, ತಿಳಿಸಾರೇ ಸರಿಯಾದ ಊಟ. ಹೊಟ್ಟು ಕರುಳಿನ ಗೋಡೆಗೆ ಅಂಟಿಕೊಂಡಿದ್ದರೆ ಸಣ್ಣ ಮಾಂಸದ ಮೊಳಕೆ (ಪಾಲಿಪ್) ಕಣ್ಣಿಗೆ ಬೀಳದೆ ಹೋಗಬಹುದು. ಕಬ್ಬಿಣದ ಮಾತ್ರೆ ಐದರಿಂದ ಏಳು ದಿನ ಮೊದಲೇ ನಿಲ್ಲಬೇಕು.

ಆ ದಿನ ಆಸ್ಪತ್ರೆಗೆ ಹೋದಾಗ ಹಳೆಯ ಬಯಾಪ್ಸಿ ವರದಿಯಲ್ಲಿ ಎಂಎಂಆರ್ ಎಂಬ ಪರೀಕ್ಷೆ ಆಗಿದೆಯೇ ನೋಡಿಸಿ. ವಂಶದಲ್ಲಿ ಹರಿದುಬಂದು ಕ್ಯಾನ್ಸರ್ ಸಾಧ್ಯತೆ ಹೆಚ್ಚಿಸುವ ಲಿಂಚ್ ಸಿಂಡ್ರೋಮ್ ಎಂಬ ಜೀನ್ ದೋಷ ಇರುವ ಸುಳಿವು ಅದರಿಂದ ಸಿಗುತ್ತದೆ. ಅದಿಲ್ಲದಿದ್ದರೂ ನಿಮ್ಮ ಒಡಹುಟ್ಟಿದವರು ಮತ್ತು ಮಕ್ಕಳು 40ನೇ ವಯಸ್ಸಿಗೆ ಕೊಲೊನೊಸ್ಕೋಪಿ ಮಾಡಿಸಬೇಕು. 40 ದಾಟಿದ ಅಣ್ಣತಮ್ಮಂದಿರು, ಅಕ್ಕತಂಗಿಯರು ಈಗಲೇ ಮಾಡಿಸಬೇಕು. ಲಿಂಚ್ ಖಚಿತವಾಗಿ, ಮಕ್ಕಳಲ್ಲೂ ಆ ದೋಷ ಕಂಡರೆ ಅವರಿಗೆ 20ರಿಂದ 25ರ ವಯಸ್ಸಿಗೇ ತಪಾಸಣೆ ಶುರುವಾಗಬೇಕು.